ಥರ್ಮೋಸ್ಟಾಟ್ ಇಲ್ಲದ ನಾಲ್ಕು ಮಳೆಗಾಲ

ಎರಡು ವರ್ಷದ ಹಿಂದಿನ ಆಷಾಢದಲ್ಲಿ, ಪುನರ್ವಸು ಮಳೆ ಮೂರು ದಿನದಿಂದ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಶೆಡ್ಡಿನಲ್ಲಿದ್ದ ಕಾರನ್ನು ಸ್ಟಾರ್ಟ್ ಮಾಡಿದಾಗ ಆಯಿಲ್ ಒತ್ತಡದ ಕೆಂಪು ದೀಪ ಎಂದಿನಂತೆ ಕೂಡಲೇ ಆರಲಿಲ್ಲ. ಐದಾರು ಸೆಕೆಂಡು ಹೊತ್ತಿಕೊಂಡೇ ಇತ್ತು, ಮತ್ತು ಅಷ್ಟೂ ಹೊತ್ತು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ, ಒಣಗಿದ ಅಡಿಕೆಯ ಮೂಟೆಯನ್ನು ಯಾರೋ ಕುಲುಕುತ್ತಿದ್ದಾರೆ ಎನ್ನಿಸುವಂತಹ ಟಕಟಕ ಸದ್ದು ಬಂತು. ದೀಪ ಆರಿತು, ಸದ್ದೂ ನಿಂತಿತು. ಚಳಿಗೆ ಹಾಗಾಗಿರಬಹುದು ಎಂದುಕೊಂಡು ಪೇಟೆಗೆ ಹೋಗಿ ಬಂದೆ. ಮರಳಿ ಬರುವಾಗ ಮನೆಯ ಏರು ಹತ್ತಿ, ಗೇಟು ತೆಗೆಯಲೆಂದು ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ನಿಲ್ಲಿಸಿದಾಗ ಅದೇ ದೀಪ ಮಿಣುಕಿತು. ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು, ಬಿಟ್ಟರೆ ಮತ್ತೆ ಮಿಣುಕುತ್ತಿತ್ತು. ಗಾಡಿಯನ್ನು ಅಲ್ಲಿಯೇ ಆರಿಸಿ, ಮಗನನ್ನು ಕರೆದು, ಇಬ್ಬರೂ ಸೇರಿ ಶೆಡ್ಡಿಗೆ ತಳ್ಳಿಕೊಂಡು ಹೋದೆವು. ಆ ವರ್ಷ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಅದು ಒಂದು ಎಂದು ಆಮೇಲೆ ತಿಳಿಯಿತು.

ಕಾರು 2003ರ ಮಾದರಿಯದು; ನಾಲ್ಕು ಸಿಲಿಂಡರಿನ, 1.3 ಲೀಟರ್ ಪೆಟ್ರೋಲ್ ಎಂಜಿನ್. ಅಪ್ಪಯ್ಯ ಅಡಿಕೆಗೆ ಒಳ್ಳೆಯ ದರ ಬಂದ ಒಂದು ವರ್ಷ ಹೊಸದಾಗಿಯೇ ತೆಗೆದುಕೊಂಡದ್ದು. ಆ ಬೆಳಿಗ್ಗೆ ಅದರ ಮೀಟರು 1,87,000 ಕಿಲೋಮೀಟರ್ ದಾಟಿತ್ತು. ಅಪ್ಪಯ್ಯನ ಕಾಲದಲ್ಲಿ ಗಾಡಿ ಶಿವಮೊಗ್ಗ, ಬೆಂಗಳೂರು, ಉಡುಪಿ ಎಂದು ದೂರ ದೂರ ಓಡಿತ್ತು. ನನ್ನ ಕೈಗೆ ಬಂದಮೇಲೆ ಅದರ ಬದುಕು ಮನೆಯಿಂದ ತೀರ್ಥಹಳ್ಳಿ ಪೇಟೆಗೆ 5 ಕಿಲೋಮೀಟರ್, ಪೇಟೆಯಿಂದ ಮನೆಗೆ 5 ಕಿಲೋಮೀಟರ್ ಎಂಬಷ್ಟಕ್ಕೆ ಇಳಿದಿತ್ತು. ವರ್ಷಕ್ಕೆ 4,000 ಕಿಲೋಮೀಟರ್ ಓಡಿದರೆ ಹೆಚ್ಚು. ಕಡಿಮೆ ಓಡಿಸುತ್ತಿದ್ದೇನೆ, ಹಾಗಾಗಿ ಎಂಜಿನ್ ಸುಖವಾಗಿದೆ ಎಂದು ನಾನು ನಂಬಿದ್ದೆ. ಕೈಪಿಡಿಯಲ್ಲಿ 10,000 ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂದಿತ್ತು. ಅದರಂತೆ ಎರಡು ವರ್ಷ ದಾಟಿದರೂ ಅದೇ ಆಯಿಲನ್ನು ಉಳಿಸಿಕೊಂಡಿದ್ದೆ. ಅದೇ ಸಾಲಿನ ಮುಂದೆ ಅವಧಿಯ ಮಿತಿಯೂ ಇತ್ತು, ಸಣ್ಣ ದೂರದ ಓಡಾಟ, ಧೂಳು, ಗುಡ್ಡದ ರಸ್ತೆ ಇದ್ದವರು ಇನ್ನೂ ಬೇಗ ಬದಲಿಸಬೇಕೆಂಬ ಸೂಚನೆಯೂ ಇತ್ತು. ಅದನ್ನು ನಾನು ಓದಿದ್ದು ಎಲ್ಲ ಆದಮೇಲೆ.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಬಾನೆಟ್ ಎತ್ತಿ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ತೆಗೆದೆ. ಮುಚ್ಚಳದ ಒಳಮೈಯಲ್ಲಿ, ಕಡೆದ ಮಜ್ಜಿಗೆಯ ಮೇಲೆ ಬೆಣ್ಣೆ ಕೂಡುವ ಮೊದಲು ಬರುವ ನೊರೆಯಂತಹ, ತಿಳಿಹಳದಿ ಬಣ್ಣದ ಪದಾರ್ಥ ಒಂದು ಬೆರಳು ದಪ್ಪಕ್ಕೆ ಅಂಟಿತ್ತು. ಅದನ್ನು ಬೆರಳಿನಿಂದ ಒರೆಸಿದರೆ ಅದರ ಕೆಳಗೆ ಕಪ್ಪು. ಆಯಿಲ್ ತುಂಬುವ ಆ ಬಾಯಿಯೊಳಗೆ ಟಾರ್ಚಿನ ಬೆಳಕು ಬಿಟ್ಟು ನೋಡಿದಾಗ, ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್ ಶಾಫ್ಟಿನ ಸುತ್ತ ಲೋಹದ ಬಣ್ಣವೇ ಕಾಣಲಿಲ್ಲ. ಅಡಿಕೆ ಬೇಯಿಸುವವರ ಮನೆಯವರಿಗೆ ಹೇಳುವುದು ಸುಲಭ: ಹಲವು ಒಬ್ಬೆ ಅಡಿಕೆ ಬೆಂದಮೇಲೆ, ಬೇಯಿಸಿದ ಆ ನೀರನ್ನು, ಎಂದರೆ ಚೊಗರನ್ನು, ಕುದಿಸಿ ಕುದಿಸಿ ಗಟ್ಟಿ ಮಾಡಿದಾಗ ಹಂಡೆಯ ತಳದಲ್ಲಿ ಉಳಿಯುವುದಲ್ಲ, ಅದೇ ಬಣ್ಣ, ಅದೇ ಜಿಗುಟು. ಎಂಜಿನ್ ಆಯಿಲಿನ ಈ ಗಸಿಗೆ ಗ್ಯಾರೇಜಿನವರು ಸ್ಲಡ್ಜ್ ಎನ್ನುತ್ತಾರೆ.

ಮಾರನೆಯ ದಿನ ಟೋ ಮಾಡಿಸಿಕೊಂಡು ಹೋಗಿ ಒಬ್ಬ ಹಿರಿಯ ಮೆಕ್ಯಾನಿಕ್ಕರ ಬಳಿ ಗಾಡಿ ಬಿಟ್ಟೆ. ಅವರು ಎಂಜಿನ್ ಸ್ಟಾರ್ಟ್ ಮಾಡಲು ಒಪ್ಪಲಿಲ್ಲ. ಮೊದಲು ಹೆಡ್ಡಿನ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿದರು, ಆಮೇಲೆ ಎಣ್ಣೆ ನಿಲ್ಲುವ ಕೆಳಗಿನ ಚೇಂಬರ್ ಇಳಿಸಿದರು. ಚೇಂಬರಿನ ತಳದಲ್ಲಿ ಗಸಿ ಎರಡು ಬೆರಳು ಎತ್ತರಕ್ಕೆ ಕೂತಿತ್ತು. ಗಾಡಿಯಿಂದ ಆಯಿಲೆಲ್ಲ ಬಸಿದು ಹೋದಮೇಲೂ ಅದು ಜಾಗ ಬಿಟ್ಟು ಕದಲಿರಲಿಲ್ಲ. ಆಯಿಲ್ ಪಂಪು ಎಣ್ಣೆಯನ್ನು ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ, ಅದಕ್ಕೆ ಸ್ಟ್ರೈನರ್ ಎನ್ನುತ್ತಾರೆ. ಅವರು ಅದನ್ನು ಬಿಚ್ಚಿ ನನ್ನ ಅಂಗೈಯ ಮೇಲೆ ಇಟ್ಟರು. ಸಣ್ಣ ಚಹದ ಬಟ್ಟಲಿನ ಬಾಯಿಯಷ್ಟು ಅಗಲದ ಆ ಜಾಲರಿಯ ಮೂರರಲ್ಲಿ ಎರಡು ಪಾಲು ಕಣ್ಣುಗಳು ಮುಚ್ಚಿಹೋಗಿದ್ದವು. ಎಂಜಿನ್ನಿನ ಬೇರಿಂಗು, ಕ್ಯಾಮ್, ಪಿಸ್ಟನ್ ಎಲ್ಲಕ್ಕೂ ಹೋಗುವ ಎಣ್ಣೆ ಉಳಿದ ಒಂದು ಪಾಲಿನಿಂದ ಹೋಗಬೇಕಿತ್ತು. ತಣ್ಣಗಿದ್ದಾಗ ಎಣ್ಣೆ ದಪ್ಪ, ಆದ್ದರಿಂದ ಬೆಳಿಗ್ಗೆ ಹೆಡ್ಡಿಗೆ ಏರಲು ತಡವಾಗುತ್ತಿತ್ತು. ಓಡಿ ಬಂದಮೇಲೆ ಎಣ್ಣೆ ತೆಳು, ನಿಂತಲ್ಲಿ ಪಂಪಿನ ವೇಗವೂ ಕಡಿಮೆ, ಆದ್ದರಿಂದ ಒತ್ತಡ ಕುಸಿದು ದೀಪ ಮಿಣುಕುತ್ತಿತ್ತು. ಆ ದೀಪ ಹೊತ್ತಿದಾಗಲೂ ಇನ್ನೊಂದು ಐದು ಕಿಲೋಮೀಟರ್ ಓಡಿಸಿದ್ದರೆ ಬೇರಿಂಗುಗಳು ಸವೆದು ಎಂಜಿನ್ ಪೂರ್ತಿ ಬಿಚ್ಚುವ ಕೆಲಸವಾಗುತ್ತಿತ್ತು. ಆಯಿಲ್ ದೀಪ ಹೊತ್ತಿದರೆ ಮನೆ ಮುಟ್ಟಿಸಿಕೊಳ್ಳೋಣ ಎಂಬ ಯೋಚನೆಯನ್ನೇ ಯಾರೂ ಮಾಡಬಾರದು. ಎಂಜಿನ್ ಆರಿಸುವುದೊಂದೇ ದಾರಿ.

ಎರಡು ವರ್ಷ ಆಯಿಲ್ ಬದಲಿಸದ್ದು ತಪ್ಪು, ಸರಿ. ಆದರೆ ಅಷ್ಟಕ್ಕೇ ಇಷ್ಟು ಗಸಿ ಆಗಬಾರದು ಎಂದು ಆ ಹಿರಿಯರಿಗೆ ಅನ್ನಿಸಿತು. ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವಾಗಿ ಕಂಡಿತು: "ಗಾಡಿ ಓಡುವಾಗ ಹೀಟ್ ಮುಳ್ಳು ಎಲ್ಲಿ ನಿಲ್ಲುತ್ತದೆ?" ಕಾಲು ಭಾಗ ದಾಟುವುದೇ ಇಲ್ಲ, ಬಹಳ ತಂಪಾಗಿದೆ ಎಂದು ನಾನು ಸಂತೋಷದಿಂದಲೇ ಹೇಳಿದೆ. ಅವರು ಏನೂ ಹೇಳದೆ, ರೇಡಿಯೇಟರಿನ ಹೋಸ್ ಎಂಜಿನ್ನಿಗೆ ಸೇರುವಲ್ಲಿನ ಎರಡು ಬೋಲ್ಟ್ ಬಿಚ್ಚಿ ಹೌಸಿಂಗ್ ತೆರೆದು ತೋರಿಸಿದರು. ಎಂಜಿನ್ ಕಾಯುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಇರಬೇಕಾದ ಜಾಗ ಖಾಲಿ ಇತ್ತು.

ಆಗ ನೆನಪಾಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, ಬೇಸಿಗೆಯಲ್ಲಿ, ಉಡುಪಿ ಕಡೆಯಿಂದ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬರುತ್ತಿದ್ದಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುವಾಗ ಎಂಜಿನ್ ಕಾದು ಹೋಗಿತ್ತು. ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಹಾಕಿ, ಇದು ಹಿಮ ಬೀಳುವ ದೇಶದವರಿಗೆ ಬೇಕು, ನಮ್ಮ ಹವೆಗೆ ಬೇಡ ಎಂದಿದ್ದರು. ಆ ದಿನದಿಂದ ಗಾಡಿ ಕಾಯಲಿಲ್ಲ. ನಿಜವಾದ ಕಾರಣವಾಗಿದ್ದ, ಮಣ್ಣು ಕಟ್ಟಿದ ರೇಡಿಯೇಟರನ್ನು ಯಾರೂ ನೋಡಲಿಲ್ಲ. ಈ ಮಾತನ್ನು ನಮ್ಮ ಊರುಗಳಲ್ಲಿ ಇಂದಿಗೂ ಕೇಳುತ್ತೇವೆ, ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನನ್ನ ಮಟ್ಟಿಗೆ, ಹಳೆಯ ಗಾಡಿಗೆ ಮಲೆನಾಡಿನಲ್ಲಿ ಮಾಡಬಹುದಾದ ಅತ್ಯಂತ ದೊಡ್ಡ ಕೇಡು ಇದು. ಏಕೆಂದರೆ ಆಯಿಲಿನ ಗಸಿ ಬಿಸಿಯಿಂದ ಹುಟ್ಟುವಷ್ಟೇ ತಂಪಿನಿಂದಲೂ ಹುಟ್ಟುತ್ತದೆ, ಮತ್ತು ನಮ್ಮ ಕಡೆ ಹುಟ್ಟುವುದು ಹೆಚ್ಚಾಗಿ ತಂಪಿನಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲಿನಲ್ಲಿ ಹೈಡ್ರೋಜನ್ ಇದೆ. ಅದು ಸುಟ್ಟಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮುಂಜಾನೆ ಸೈಲೆನ್ಸರಿನ ತುದಿಯಿಂದ ಹನಿಯುವ ನೀರು ಅದೇ. ಪೇಟೆಗೆ ಹೋಗುವ 5 ಕಿಲೋಮೀಟರಿಗೆ ನನ್ನ ಗಾಡಿ ಹೆಚ್ಚುಕಡಿಮೆ ಮೂರನೆಯ ಒಂದು ಲೀಟರ್ ಪೆಟ್ರೋಲು ಕುಡಿಯುತ್ತದೆ, ಎಂದರೆ ಒಂದೂವರೆ ಲೋಟದಷ್ಟು ನೀರನ್ನು ತಯಾರಿಸುತ್ತದೆ. ಅದರಲ್ಲಿ ಬಹುಪಾಲು ಹೊಗೆಯ ಜೊತೆ ಹೊರಗೆ ಹೋದರೂ, ಒಂದು ಸಣ್ಣ ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಎಣ್ಣೆ ಇರುವ ಚೇಂಬರಿಗೆ ನುಸುಳುತ್ತದೆ. ಅದರೊಂದಿಗೆ ಸುಡದ ಪೆಟ್ರೋಲಿನ ಆವಿ, ಮಸಿ, ಆಮ್ಲಕ್ಕೆ ಕಾರಣವಾಗುವ ನೈಟ್ರೋಜನ್ ಆಕ್ಸೈಡುಗಳೂ ಬರುತ್ತವೆ. ಹೊಸ ಎಂಜಿನ್ನಿನಲ್ಲೂ ಇದು ಇದ್ದದ್ದೇ. ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿ ರಿಂಗು, ಬೋರು ಸವೆದ ಎಂಜಿನ್ನಿನಲ್ಲಿ ಈ ನುಸುಳುವಿಕೆ ಇನ್ನೂ ಹೆಚ್ಚು. ಅದಕ್ಕೇ ಹೊಸತಿನಲ್ಲಿ ಸಹಿಸಿಕೊಂಡ ಉದಾಸೀನವನ್ನು ಗಾಡಿ ಮುಪ್ಪಿನಲ್ಲಿ ಸಹಿಸುವುದಿಲ್ಲ.

ಎಣ್ಣೆ 90ರಿಂದ 100 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾದು ಸ್ವಲ್ಪ ಹೊತ್ತು ಹಾಗೆಯೇ ಇದ್ದರೆ ಈ ನೀರೂ ಪೆಟ್ರೋಲೂ ಆವಿಯಾಗಿ ಬ್ರೀದರ್ ಎಂಬ ಕೊಳವೆಯ ದಾರಿಯಿಂದ ಹೊರಗೆ ಹೋಗುತ್ತವೆ. ಕಾಯದಿದ್ದರೆ ಅಲ್ಲೇ ಉಳಿದು ಎಣ್ಣೆಯೊಂದಿಗೆ ಕಡೆದುಕೊಂಡು ನೊರೆಯಾಗುತ್ತವೆ, ಆಮ್ಲ ಹುಟ್ಟಿಸುತ್ತವೆ, ಮಸಿಯನ್ನು ಒಟ್ಟುಗೂಡಿಸುತ್ತವೆ. ಇಲ್ಲಿ ಮರೆಯಬಾರದ ಸಂಗತಿ ಒಂದಿದೆ: ಮುಳ್ಳು ತೋರಿಸುವುದು ಎಂಜಿನ್ ತಣಿಸುವ ನೀರಾದ ಕೂಲೆಂಟಿನ ಬಿಸಿಯನ್ನು, ಎಣ್ಣೆಯದನ್ನಲ್ಲ. ಕೂಲೆಂಟ್ ಕಾದಮೇಲೂ ಎಣ್ಣೆ ಪೂರ್ತಿ ಕಾಯಲು ಇನ್ನಷ್ಟು ದೂರ ಓಡಬೇಕು. ಐದು ಕಿಲೋಮೀಟರಿನಲ್ಲಿ, ಅದೂ ಮಳೆಯಲ್ಲಿ ನೆನೆದುಕೊಂಡು, ಒಳ್ಳೆಯ ಗಾಡಿಯ ಎಣ್ಣೆಯೇ ಆ ಮಟ್ಟ ಮುಟ್ಟುವುದು ಕಷ್ಟ. ಥರ್ಮೋಸ್ಟಾಟ್ ಸುಮಾರು 82 ಡಿಗ್ರಿಯವರೆಗೆ ಮುಚ್ಚಿಕೊಂಡಿದ್ದು, ನೀರು ರೇಡಿಯೇಟರಿಗೆ ಹೋಗದಂತೆ ತಡೆದು ಎಂಜಿನ್ ಬೇಗ ಬಿಸಿಯಾಗುವಂತೆ ನೋಡಿಕೊಳ್ಳುತ್ತದೆ. ಅದನ್ನು ಕಿತ್ತ ಗಾಡಿಯಲ್ಲಿ ಮೊದಲ ಸುತ್ತಿನಿಂದಲೇ ನೀರೆಲ್ಲ ರೇಡಿಯೇಟರಿಗೆ ಹೋಗಿ ತಣಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ತಿಳಿಸುವುದರಿಂದ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚೇ ಕೊಡುತ್ತದೆ, ಹೆಚ್ಚಾದದ್ದು ಸಿಲಿಂಡರಿನ ಗೋಡೆ ತೊಳೆದು ಎಣ್ಣೆಗೆ ಇಳಿಯುತ್ತದೆ. ನಾಲ್ಕು ಮಳೆಗಾಲ ನನ್ನ ಗಾಡಿ ಹೀಗೆ ಓಡಿತ್ತು.

ನಮ್ಮಲ್ಲಿ ಹಲವರು, ಮಲೆನಾಡಿನ ಥಂಡಿ ಗಾಳಿಯಿಂದ ಎಣ್ಣೆಗೆ ನೀರು ಸೇರುತ್ತದೆ ಎಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆಸೀರೆಗೂ ಬೂಷ್ಟು ಹಿಡಿಯುವ ಊರಿನಲ್ಲಿ ಹಾಗೆ ಅನ್ನಿಸುವುದು ಸಹಜ. ಗಾಳಿಯ ತೇವದಿಂದ ಬರುವುದು ಅಲ್ಪ. ಎಂಜಿನ್ ತಾನೇ ಹುಟ್ಟಿಸಿದ ನೀರು ತನ್ನೊಳಗಿನಿಂದ ಹೊರಗೆ ಹೋಗದಿರುವುದೇ ಮುಖ್ಯ ಕಾರಣ, ಮತ್ತು ತಂಪು ಹವೆ ಅದನ್ನು ಹೋಗಗೊಡುವುದಿಲ್ಲ. ಇದೇ ಕಾರಣಕ್ಕೆ, ದಿನಾ ಬೆಳಿಗ್ಗೆ ಶೆಡ್ಡಿನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟು ಆರಿಸಿದರೆ ಗಾಡಿಗೆ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ನಿಂತಲ್ಲಿ ಓಡುವ ಎಂಜಿನ್ ಎಣ್ಣೆಯನ್ನು ಕಾಯಿಸುವುದಿಲ್ಲ, ನೀರನ್ನೂ ಪೆಟ್ರೋಲನ್ನೂ ಅದಕ್ಕೆ ಸೇರಿಸಿ ನಿಲ್ಲುತ್ತದೆ. ಬ್ಯಾಟರಿ ಉಳಿಸುವ ಉದ್ದೇಶವಿದ್ದರೆ ಚಾರ್ಜರ್ ಹಾಕುವುದು ಮೇಲು.

ಗಸಿಯಾದ ಎಂಜಿನ್ನಿಗೆ ಏನು ಮಾಡಬೇಕು ಎಂಬುದರಲ್ಲಿ ನಾನು ಆ ಹಿರಿಯ ಮೆಕ್ಯಾನಿಕ್ಕರಿಂದ ಕಲಿತದ್ದು ಬಹಳ. ಬೇರೊಂದು ಕಡೆ ವಿಚಾರಿಸಿದಾಗ, ಎರಡು ಲೀಟರ್ ಡೀಸೆಲ್ ಸುರಿದು ಹತ್ತು ನಿಮಿಷ ಓಡಿಸಿ ಬಸಿದರೆ ಎಲ್ಲ ಕರಗಿ ಬರುತ್ತದೆ ಎಂದಿದ್ದರು. ಸೀಮೆಎಣ್ಣೆ ಹಾಕುವವರೂ ಇದ್ದಾರೆ. ಇವರು ಅದಕ್ಕೆ ಖಡಾಖಂಡಿತವಾಗಿ ಬೇಡವೆಂದರು. ಡೀಸೆಲ್ ಬೇರಿಂಗುಗಳ ನಡುವೆ ಎಣ್ಣೆಯ ಹಾಗೆ ಪದರವಾಗಿ ನಿಲ್ಲುವುದಿಲ್ಲ. ಇನ್ನೊಂದು, ಇಪ್ಪತ್ತು ವರ್ಷದ ಗಸಿ ಒಂದೇ ಸಲಕ್ಕೆ ಕರಗುವುದಿಲ್ಲ, ಹೆಪ್ಪುಹೆಪ್ಪಾಗಿ ಕಳಚುತ್ತದೆ. ಕಳಚಿದ ಹೆಪ್ಪು ಹೋಗಿ ಕೂರುವುದು ಅದೇ ಸ್ಟ್ರೈನರಿನ ಮೇಲೆ, ಇಲ್ಲವೇ ಹೆಡ್ಡಿಗೆ ಎಣ್ಣೆ ಏರುವ ಸಣ್ಣ ರಂಧ್ರದಲ್ಲಿ. ಮಿಣುಕುತ್ತಿದ್ದ ದೀಪ ಆಗ ನಿಂತು ಉರಿಯುತ್ತದೆ. ಅಂಗಡಿಯಲ್ಲಿ ಸಿಗುವ ಫ್ಲಶ್ ದ್ರಾವಣಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ: ಮೊದಲಿನಿಂದ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದ ಎಂಜಿನ್ನಿಗೆ ಅವು ಅಪಾಯ ಮಾಡಲಾರವು, ಆದರೆ ಅಂತಹ ಎಂಜಿನ್ನಿಗೆ ಅವುಗಳ ಅಗತ್ಯವೂ ಇರುವುದಿಲ್ಲ, ಹಲವು ವರ್ಷ ಕಡೆಗಣಿಸಿದ ಎಂಜಿನ್ನಿಗೆ ಅವನ್ನು ಹಾಕಲೇಬಾರದು.

ಅವರು ಮಾಡಿದ್ದು ಕೈಕೆಲಸ. ಚೇಂಬರನ್ನೂ ಟ್ಯಾಪೆಟ್ ಕವರನ್ನೂ ಸ್ಟ್ರೈನರನ್ನೂ ಹೊರಗಿಟ್ಟು ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಿಂದ ಹೆರೆದು, ಬ್ರಷ್ಷಿನಿಂದ ತಿಕ್ಕಿ ಒಣಗಿಸಿದರು. ಹೆಡ್ಡಿನ ಮೇಲಿನದನ್ನು, ಎಣ್ಣೆ ಕೆಳಗಿಳಿಯುವ ರಂಧ್ರಗಳಿಗೆ ಬಟ್ಟೆ ತುರುಕಿ, ಚಮಚದಲ್ಲಿ ತೆಗೆದಂತೆ ತೆಗೆದರು. ಒಂದು ಹಳೆಯ ಪೇಂಟ್ ಡಬ್ಬಿಯ ಅರ್ಧ ತುಂಬಿತು. ಹೊಸ ಗ್ಯಾಸ್ಕೆಟ್, ಹೊಸ ಫಿಲ್ಟರ್, ಹೊಸ ಥರ್ಮೋಸ್ಟಾಟ್ ಹಾಕಿ, ರೇಡಿಯೇಟರನ್ನು ಬಿಚ್ಚಿ ತೊಳೆಸಿ, ಮೂರೂವರೆ ಲೀಟರ್ ಹೊಸ ಆಯಿಲ್ ತುಂಬಿದರು. ಇದನ್ನು 500 ಕಿಲೋಮೀಟರಿಗೆ ಬಸಿದುಬಿಡಿ, ಆಮೇಲಿನದನ್ನು 1,500ಕ್ಕೆ, ಅದರ ನಂತರದ್ದನ್ನು 2,500ಕ್ಕೆ ಎಂದರು. ಉಳಿದ ಗಸಿಯನ್ನು ಹೊಸ ಎಣ್ಣೆಯೇ ನಿಧಾನವಾಗಿ ಕರಗಿಸಿಕೊಂಡು ಬರಲಿ ಎಂಬುದು ಅವರ ಲೆಕ್ಕ. ಹಾಗೆಯೇ ಆಯಿತು. 500ಕ್ಕೆ ಬಸಿದದ್ದು ಕಾಡಿಗೆಯಂತಿತ್ತು, ಕೈಬೆರಳಿನ ನಡುವೆ ತಿಕ್ಕಿದರೆ ಸಣ್ಣ ಮರಳಿನ ಹಾಗೆ ತಾಗುತ್ತಿತ್ತು. 1,500ರದ್ದೂ ಕಪ್ಪೇ, ಆದರೆ ನುಣುಪು. ಮೂರನೆಯದು ಬಸಿಯುವಾಗ ಧಾರೆಯ ಅಂಚಿನಲ್ಲಿ ಕಂದು ಬಣ್ಣ ಕಂಡಿತು. ಪ್ರತಿ ಸಲವೂ ಫಿಲ್ಟರನ್ನು ಬದಲಿಸಿದೆವು. ಫಿಲ್ಟರ್ ಕಟ್ಟಿಕೊಂಡರೆ ಅದರೊಳಗಿನ ಬೈಪಾಸ್ ವಾಲ್ವ್ ತೆರೆದು ಸೋಸದ ಎಣ್ಣೆಯನ್ನೇ ಎಂಜಿನ್ನಿಗೆ ಬಿಡುತ್ತದೆ. ಹೊಸ ಎಣ್ಣೆ ಹಾಕಿ ಹಳೆಯ ಫಿಲ್ಟರ್ ಉಳಿಸುವುದು ತೊಳೆದ ಅಕ್ಕಿಯನ್ನು ಕೊಳೆನೀರು ಚೆಲ್ಲದ ಪಾತ್ರೆಗೆ ಹಾಕಿದ ಹಾಗೆ.

ಆಯಿಲ್ ಕಪ್ಪಾಯಿತು ಎಂದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಒಳ್ಳೆಯ ಆಯಿಲಿನಲ್ಲಿ ಡಿಟರ್ಜೆಂಟ್ ಮತ್ತು ಡಿಸ್ಪರ್ಸೆಂಟ್ ಎಂಬ ಎರಡು ಬಗೆಯ ಪದಾರ್ಥಗಳಿರುತ್ತವೆ. ಮೊದಲನೆಯದು ಆಮ್ಲವನ್ನು ತಟಸ್ಥಗೊಳಿಸಿ ಲೋಹದ ಮೈ ಶುಚಿಯಾಗಿಡುತ್ತದೆ. ಎರಡನೆಯದು ಮಸಿಯ ಪ್ರತಿಯೊಂದು ಕಣವನ್ನೂ ಸುತ್ತುವರಿದು, ಕಣಕ್ಕೆ ಕಣ ಅಂಟದಂತೆ ಎಣ್ಣೆಯಲ್ಲಿ ತೇಲಿಸಿಕೊಂಡಿರುತ್ತದೆ. ಕಪ್ಪಾಗುವುದು ಆ ಕೆಲಸ ನಡೆದಿದೆ ಎಂಬುದರ ಗುರುತು. ಈ ಎರಡೂ ಖರ್ಚಾಗಿ ಮುಗಿದ ದಿನದಿಂದ ಗಸಿ ಕೂರಲು ತೊಡಗುತ್ತದೆ. ಆದ್ದರಿಂದಲೇ ಎಣ್ಣೆ ಕಡಿಮೆಯಾದಾಗ ಮೇಲಿಂದ ಅರ್ಧ ಲೀಟರ್ ಸುರಿಯುವುದು ಬದಲಿಸಿದ್ದಕ್ಕೆ ಸಮನಲ್ಲ, ಮತ್ತು ಎಣ್ಣೆ ಕಡಿಮೆ ಇಟ್ಟುಕೊಂಡು ಓಡಿಸಿದರೆ ಅಷ್ಟೇ ಕೊಳೆಯನ್ನು ಎರಡೂವರೆ ಲೀಟರ್ ಹೊರಬೇಕಾಗುತ್ತದೆ. ಹಳೆಯ ಎಂಜಿನ್ ಎಣ್ಣೆ ಕುಡಿಯುತ್ತದೆ. ನಾನು ಈಗ ಪ್ರತಿ ಭಾನುವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯಾದ ಗೇಜ್ ಎಳೆದು ಒರೆಸಿ ಮತ್ತೆ ಅದ್ದಿ ನೋಡುತ್ತೇನೆ. ಮಟ್ಟ ಇಳಿದಿದ್ದರೆ ತುಂಬಿಸುತ್ತೇನೆ. ತುಂಬಿಸದೆಯೇ ಮಟ್ಟ ಏರಿದ್ದರೆ ಅದು ಇನ್ನೂ ಕೆಟ್ಟ ಸುದ್ದಿ, ಏಕೆಂದರೆ ಪೆಟ್ರೋಲೋ ನೀರೋ ಒಳಗೆ ಸೇರುತ್ತಿದೆ ಎಂದರ್ಥ.

ಎಣ್ಣೆಯ ಸ್ಥಿತಿ ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ನನಗೆ ಬಹಳ ಇಷ್ಟವಾಗಿದೆ. ಗಾಡಿ ಓಡಿಸಿ ಬಂದಮೇಲೆ ಗೇಜಿನ ತುದಿಯಿಂದ ಒಂದೇ ಹನಿಯನ್ನು ಮಸಿ ಹೀರುವ ಬಿಳಿಯ ಕಾಗದದ (ಬ್ಲಾಟಿಂಗ್ ಪೇಪರ್) ಮೇಲೆ ಬಿಟ್ಟು, ಕಾಗದ ಮೇಜಿಗೆ ತಾಗದಂತೆ ಲೋಟದ ಬಾಯಿಯ ಮೇಲೆ ಇಟ್ಟು ರಾತ್ರಿ ಕಳೆಯಲು ಬಿಡಬೇಕು. ಬೆಳಿಗ್ಗೆಗೆ ಹನಿ ಹರಡಿ ವರ್ತುಲವಾಗಿರುತ್ತದೆ. ನಡುವಿನಿಂದ ಅಂಚಿನವರೆಗೆ ಬೂದುಬಣ್ಣ ಒಂದೇ ಸಮನೆ ಹರಡಿದ್ದರೆ ಡಿಸ್ಪರ್ಸೆಂಟ್ ಇನ್ನೂ ಬದುಕಿದೆ. ನಡುವೆ ಕಪ್ಪು ಚುಕ್ಕೆ ಹಾಗೆಯೇ ಗಟ್ಟಿ ಅಂಚು ಕಟ್ಟಿ ನಿಂತು, ಸುತ್ತ ಬರಿಯ ಎಣ್ಣೆ ಮಾತ್ರ ಹರಡಿದ್ದರೆ ಅದು ಮುಗಿದಿದೆ, ಬಸಿಯುವ ಹೊತ್ತು ಬಂದಿದೆ. ನೀರು ಇದೆಯೇ ಎಂದು ನೋಡಬೇಕಾದರೆ, ಕಾದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಬಿಟ್ಟಾಗ ಒಗ್ಗರಣೆಯ ಸಾಸಿವೆಯಂತೆ ಚಟಪಟ ಎಂದರೆ ಇದೆ, ಸುಮ್ಮನೆ ಹೊಗೆಯಾಡಿದರೆ ಇಲ್ಲ. ಅಡುಗೆಮನೆಯ ಕಾವಲಿಯನ್ನು ಇದಕ್ಕೆ ಬಳಸಬಾರದು, ಕಣ್ಣನ್ನೂ ದೂರ ಇಟ್ಟುಕೊಳ್ಳಬೇಕು.

ಮುಚ್ಚಳದ ಕೆಳಗಿನ ಹಳದಿ ನೊರೆ ಕಂಡವರೆಲ್ಲ ಗಾಬರಿಯಾಗಬೇಕಿಲ್ಲ. ಮಳೆಗಾಲದಲ್ಲಿ, ಹತ್ತಿರದ ಓಡಾಟವಿದ್ದಾಗ, ಎಂಜಿನ್ನಿನ ಅತ್ಯಂತ ತಣ್ಣಗಿನ ಜಾಗವಾದ ಆ ಮುಚ್ಚಳದಲ್ಲಿ ಸ್ವಲ್ಪ ನೊರೆ ಕಟ್ಟುವುದುಂಟು. ಒಂದು ದೂರದ ಓಟವಾದರೆ ಅದು ಹೋಗುತ್ತದೆ. ಗೇಜಿನ ಎಣ್ಣೆಯೇ ಹಾಲು ಬೆರೆಸಿದ ಕಾಫಿಯಂತೆ ಕಂಡು, ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಆಗ ನೀರೂ ಎಣ್ಣೆಯೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂದೇಹ ಪಡಬೇಕು. ಕೂಲೆಂಟಿನ ಗ್ಲೈಕಾಲ್ ಎಣ್ಣೆಗೆ ಸೇರಿದರೆ ಗಸಿ ತಿಂಗಳುಗಳಲ್ಲಿ ಅಲ್ಲ, ಬಹಳ ಬೇಗ ಕಟ್ಟುತ್ತದೆ, ಮತ್ತು ಅದಕ್ಕೆ ಆಯಿಲ್ ಬದಲಿಸುವುದು ಪರಿಹಾರವಲ್ಲ.

ಆ ದಿನ ಸಿಕ್ಕ ಇನ್ನೊಂದು ದೋಷ ಪಿಸಿವಿ ವಾಲ್ವಿನದು. ಚೇಂಬರಿನಲ್ಲಿ ಕೂಡುವ ಆವಿಯನ್ನು ಎಂಜಿನ್ನಿನ ಹೀರುವಿಕೆಯಿಂದಲೇ ಎಳೆದು ಮತ್ತೆ ಸುಡಲು ಕಳಿಸುವ, ಹೆಬ್ಬೆರಳಿನಷ್ಟು ಉದ್ದದ ವಾಲ್ವ್ ಅದು. ಬಿಚ್ಚಿ ಕಿವಿಯ ಹತ್ತಿರ ಕುಲುಕಿದರೆ ಟಿಕ್ ಟಿಕ್ ಎನ್ನಬೇಕು. ನನ್ನದು ಮೂಕವಾಗಿತ್ತು, ಒಳಗೆ ಗಸಿ ತುಂಬಿ ಅದರ ಗುಂಡು ಅಂಟಿಹೋಗಿತ್ತು. ಆವಿ ಹೊರಹೋಗುವ ದಾರಿ ಮುಚ್ಚಿದರೆ ಗಸಿ ಬೆಳೆಯುವುದರ ಜೊತೆಗೆ ಒತ್ತಡ ಏರಿ ಸೀಲುಗಳಿಂದ ಎಣ್ಣೆ ಒಸರುತ್ತದೆ. ಅಗ್ಗದ ಭಾಗ, ಆದರೂ ಯಾರೂ ಕೇಳುವುದಿಲ್ಲ. ಕೆಲವರು ಬ್ರೀದರ್ ಪೈಪನ್ನು ಕಿತ್ತು ರಸ್ತೆಗೆ ತೆರೆದು ಬಿಡುತ್ತಾರೆ. ಆಗ ಒತ್ತಡ ಇಳಿಯುತ್ತದೆ ನಿಜ, ಆದರೆ ಆವಿಯನ್ನು ಎಳೆಯುವ ಹೀರುವಿಕೆ ಇಲ್ಲದೆ ತೇವ ಒಳಗೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಆ ವಾಲ್ವನ್ನು ಬಿಚ್ಚಿ ತೊಳೆಯುವುದು, ಹೋಸ್ ಒಳಗಿನಿಂದ ಮೆತ್ತಗಾಗಿ ಕುಸಿದಿದೆಯೇ ಎಂದು ಹಿಸುಕಿ ನೋಡುವುದು ಅರ್ಧ ಗಂಟೆಯ ಕೆಲಸ.

ಯಾವ ಆಯಿಲ್ ಎಂಬ ಪ್ರಶ್ನೆಗೆ ನಾನು ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ, ಡಬ್ಬಿಯ ಹಿಂದಿನ ಅಕ್ಷರ ನೋಡಿ ಎನ್ನುತ್ತೇನೆ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ದರ್ಜೆಯಲ್ಲಿ ಎಸ್ ಎಂಬುದು ಪೆಟ್ರೋಲ್ ಎಂಜಿನ್ನಿಗೆ. ಅದರ ಮುಂದಿನ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಆಯಿಲ್ ಹೊಸ ಕಾಲದ್ದು. ಎಸ್‌ಎನ್ 2010ರಲ್ಲಿ ಬಂತು, ಎಸ್‌ಪಿ 2020ರಲ್ಲಿ. ಎಸ್‌ಎಫ್ ಎಂದು ಬರೆದ ಅಗ್ಗದ ಡಬ್ಬಿ ಕಂಡರೆ, ಆ ದರ್ಜೆ 1988ರ ನಂತರ ತಯಾರಾದ ಬಹುತೇಕ ಎಂಜಿನ್ನುಗಳಿಗೆ ತಕ್ಕದ್ದಲ್ಲ ಎಂಬುದನ್ನು ನೆನಪಿಡಬೇಕು. ಹಳೆಯ ಗಾಡಿಗೆ ಹಳೆಯ ದರ್ಜೆಯೇ ಸಾಕು ಎಂಬುದು ತಪ್ಪು. ಗಸಿಯ ವಿರುದ್ಧ ಹೆಚ್ಚು ಶಕ್ತಿ ಬೇಕಾದದ್ದು ಸವೆದ ಎಂಜಿನ್ನಿಗೇ. ಸ್ನಿಗ್ಧತೆಯನ್ನು, ಎಂದರೆ ಎಣ್ಣೆಯ ದಪ್ಪವನ್ನು, ಮಾತ್ರ ಕೈಪಿಡಿ ಹೇಳಿದ ಮಿತಿಯೊಳಗೇ ಇಟ್ಟುಕೊಳ್ಳಬೇಕು. ಎಣ್ಣೆ ಕುಡಿಯುತ್ತದೆ ಎಂದು ಜೋನಿಬೆಲ್ಲದಂತಹ ದಪ್ಪ ಆಯಿಲ್ ಹಾಕಿದರೆ, ನಮ್ಮ ಮಾಗಿಯ ಚಳಿಯಲ್ಲಿ ಅದು ಹೆಡ್ಡಿಗೆ ಏರುವುದೇ ತಡವಾಗುತ್ತದೆ. ನನ್ನ ಕೈಪಿಡಿ ಒಪ್ಪುವ ಸ್ನಿಗ್ಧತೆಯಲ್ಲಿ ಎಸ್‌ಎನ್ ದರ್ಜೆಯ ಸೆಮಿ ಸಿಂಥೆಟಿಕ್ (ಖನಿಜ ಎಣ್ಣೆಗೆ ಕೃತಕ ಎಣ್ಣೆ ಬೆರೆಸಿದ್ದು) ಹಾಕುತ್ತಿದ್ದೇನೆ. ಪೂರ್ತಿ ಸಿಂಥೆಟಿಕ್ ಬಿಸಿಯನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಒಳಗೆ ಸೇರಿದ ನೀರನ್ನೂ ಪೆಟ್ರೋಲನ್ನೂ ಅದು ಮಾಯ ಮಾಡುವುದಿಲ್ಲ. ಅದೇ ದುಡ್ಡಿನಲ್ಲಿ ಎರಡು ಸಲ ಬದಲಿಸುವುದು ನನ್ನಂತಹ ಓಡಾಟದವರಿಗೆ ಹೆಚ್ಚು ಫಲ ಕೊಡುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ; ಎಥನಾಲ್ ನೀರಿನ ಜೊತೆ ಸುಲಭವಾಗಿ ಬೆರೆಯುವಂಥದ್ದು, ತಣ್ಣಗಿನ ಎಂಜಿನ್ನಿನಲ್ಲಿ ಎರಡೂ ಸೇರಿ ಎಣ್ಣೆಗೆ ಇಳಿದರೆ ನೊರೆ ಕಟ್ಟುವುದು ಇನ್ನೂ ಸುಲಭ. ಬೇಗ ಬದಲಿಸಲು ಇದೂ ಒಂದು ಕಾರಣ.

ಹೀಗಾಗಿ ನಾನು ಕಿಲೋಮೀಟರ್ ಲೆಕ್ಕ ಬಿಟ್ಟು ಮಳೆಯ ಲೆಕ್ಕ ಹಿಡಿದಿದ್ದೇನೆ. ಮೃಗಶಿರ ಮಳೆ ಹಿಡಿಯುವ ಮೊದಲು, ಮೇ ಕೊನೆಯ ವಾರದಲ್ಲಿ ಒಂದು ಸಲ. ಅತ್ಯಂತ ಕಷ್ಟದ ನಾಲ್ಕು ತಿಂಗಳಿಗೆ ಹೋಗುವಾಗ ಎಣ್ಣೆಗೆ ತನ್ನ ಪೂರ್ತಿ ಶಕ್ತಿ ಇರಲಿ ಎಂದು. ಮಳೆ ಕಳೆದು ಆಯುಧಪೂಜೆಗೆ ಗಾಡಿ ತೊಳೆಯುವ ವಾರದಲ್ಲಿ ಇನ್ನೊಂದು ಸಲ. ಮಳೆಗಾಲದ ತೇವವನ್ನೂ ಆಮ್ಲವನ್ನೂ ಹೊತ್ತ ಎಣ್ಣೆ ಬೇಸಿಗೆಗೆ ಉಳಿಯದಿರಲಿ ಎಂದು. ಬಸಿಯುವ ದಿನ ಮೊದಲು ಕನಿಷ್ಠ 20 ಕಿಲೋಮೀಟರ್ ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ತೆಗೆಯುತ್ತೇನೆ; ತಣ್ಣಗಿನ ಎಣ್ಣೆ ಬಸಿದರೆ ಕೊಳೆಯೆಲ್ಲ ತಳದಲ್ಲೇ ಉಳಿಯುತ್ತದೆ. ಹನಿ ನಿಲ್ಲುವವರೆಗೆ, ಎಂದರೆ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಬಿಡುತ್ತೇನೆ. ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದು. ಬಸಿದ ಎಣ್ಣೆಯನ್ನು ಬೇಲಿಯ ಗೂಟಕ್ಕೆ, ಗೆದ್ದಲು ಹಿಡಿದ ಮರಕ್ಕೆ ಹಚ್ಚುವುದು ನಮ್ಮಲ್ಲಿ ರೂಢಿ. ಅಪ್ಪಯ್ಯನೂ ಹಚ್ಚುತ್ತಿದ್ದರು. ಒಂದೇ ಜಡಿಮಳೆಗೆ ಅದು ತೋಟದ ಬಸಿಗಾಲುವೆಯಾದ ಕಪ್ಪಿಗೆ ಇಳಿದು, ಕಪ್ಪಿನಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ ಹೋಗುತ್ತದೆ ಎಂಬುದನ್ನು ನೋಡಿದಮೇಲೆ ನಾನು ಬಿಟ್ಟಿದ್ದೇನೆ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೇ ಕೊಡುತ್ತೇನೆ, ಅಲ್ಲಿಂದ ಅದು ಶುದ್ಧೀಕರಣಕ್ಕೆ ಹೋಗುತ್ತದೆ.

ಹತ್ತು ದಿನಕ್ಕೊಮ್ಮೆ ಗಾಡಿಯನ್ನು ದೂರ ಓಡಿಸುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. ಶಿವಮೊಗ್ಗದಲ್ಲಿ ಮಾಡಬೇಕಾದ ಕೆಲಸಗಳನ್ನು ಕೂಡಿಟ್ಟುಕೊಂಡು ಒಂದು ದಿನ ಹೋಗುತ್ತೇನೆ. ಮಂಡಗದ್ದೆ ಬರುವ ಹೊತ್ತಿಗೆ ಎಣ್ಣೆ ಚೆನ್ನಾಗಿ ಕಾದಿರುತ್ತದೆ, ಸಕ್ರೆಬೈಲು, ಗಾಜನೂರು ದಾಟಿ ಊರು ಸೇರುವವರೆಗೆ ಅದೇ ಬಿಸಿಯಲ್ಲಿ ಓಡುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲಿನ ಮೊದಲ ಓಟದಲ್ಲಿ ಮುಳ್ಳು ಮೆಲ್ಲನೆ ಏರಿ ನಡುವಿನ ಗೆರೆಯ ಹತ್ತಿರ ಬಂದಾಗ ನನಗೆ ಎದೆ ಹೊಡೆದುಕೊಂಡಿತು, ನಾಲ್ಕು ವರ್ಷ ಅದನ್ನು ಅಲ್ಲಿ ನೋಡಿರಲಿಲ್ಲ. ಅದು ಅಲ್ಲಿಯೇ ನಿಂತಿತು. ಶಿವಮೊಗ್ಗದವರೆಗೂ ಕದಲಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಒಸರುತ್ತಿದ್ದುದರಿಂದ ಅದನ್ನು ಮತ್ತೆ ಬಿಚ್ಚಿಸಿದೆ. ಕ್ಯಾಮ್ ಶಾಫ್ಟ್ ಬೆಳ್ಳಗೆ ಹೊಳೆಯುತ್ತಿತ್ತು. ಹೆಡ್ಡಿನ ಮೈಗೆ ಜೇನಿನ ಬಣ್ಣ, ಅಷ್ಟು ವಯಸ್ಸಿನ ಎಂಜಿನ್ನಿಗೆ ಅದು ಸಹಜ. ಹಿಂಬದಿಯ ಎರಡು ಮೂಲೆಗಳಲ್ಲಿ, ಚಮಚ ತಾಗದೆ ಉಳಿದಿದ್ದ ಕಡೆ, ಹಳೆಯ ಗಸಿಯ ತೆಳುವಾದ ಪದರ ಇನ್ನೂ ಇದೆ. ಮೆಕ್ಯಾನಿಕ್ಕರು ಅದನ್ನು ಕೆರೆಯಲು ಹೋಗಲಿಲ್ಲ. ತಾನಾಗಿ ಹೋಗುತ್ತದೆ, ಇನ್ನೆರಡು ಆಯಿಲ್ ಆಗಲಿ ಎಂದು ಹೊಸ ಗ್ಯಾಸ್ಕೆಟ್ ಕೂರಿಸಿ ಕವರ್ ಮುಚ್ಚಿದರು. ಮೀಟರು ಆಗ 1,95,400 ತೋರಿಸುತ್ತಿತ್ತು.